ಭೂಮಿ ಬಿಸಿಯಾಗುವುದರ ಬಗ್ಗೆ ಅಪ್ಪನ ಒಂದು ಪ್ರಶ್ನೆ, ನನ್ನ ಒಂದಷ್ಟು ಓದು



ನಮ್ಮಪ್ಪನಿಗೆ ಅರವತ್ತೆಂಟು ವರ್ಷ. ಪಾವಗಡ ತಾಲೂಕಿನಲ್ಲಿ ಆರು ಎಕರೆ ಖುಷ್ಕಿ ಜಮೀನಿದೆ. ಶೇಂಗಾ, ನಡುವೆ ಒಂದೊಂದು ಸಾಲು ತೊಗರಿ. 2023ರಲ್ಲಿ ಕರ್ನಾಟಕದ 200ಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರಲ್ಲ, ಆ ವರ್ಷ ಒಂದು ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಅಪ್ಪ ಕೇಳಿದರು: "ಭೂಮಿ ಬಿಸಿ ಆಗ್ತಿದೆ ಅಂತೀರಲ್ಲಪ್ಪ, ಬಿಸಿ ಜಾಸ್ತಿ ಆದ್ರೆ ಸಮುದ್ರದ ನೀರು ಜಾಸ್ತಿ ಆವಿ ಆಗಬೇಕು. ಆವಿ ಜಾಸ್ತಿ ಆದ್ರೆ ಮಳೆ ಜಾಸ್ತಿ ಬರಬೇಕು. ನಮಗೆ ಯಾಕೆ ಬರ?"

ನಾನು ಇಂಜಿನಿಯರಿಂಗ್ ಓದಿದವನು. ಹತ್ತು ವರ್ಷದಿಂದ ವಾಷಿಂಗ್ಟನ್ ಡಿಸಿ ಪಕ್ಕದ ನಾರ್ದರ್ನ್ ವರ್ಜೀನಿಯಾದಲ್ಲಿ ಸಾಫ್ಟ್‌ವೇರ್ ಬರೆದು ಬದುಕುತ್ತಿದ್ದೇನೆ. ಐದು ನಿಮಿಷ ತಡವರಿಸಿದೆ. ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ಪೂರ್ತಿ ಗೊಂದಲ. ಕೊನೆಗೆ "ಅದು ಸ್ವಲ್ಪ ಕಾಂಪ್ಲಿಕೇಟೆಡ್ ಅಪ್ಪ" ಅಂದೆ. ಅಪ್ಪ "ಹೂಂ" ಅಂದು ಮಾತು ಬದಲಿಸಿದರು. ಆ "ಹೂಂ" ನನ್ನನ್ನು ಬಹಳ ದಿನ ಕಾಡಿತು. ಗ್ಲೋಬಲ್ ವಾರ್ಮಿಂಗ್ ನಿಜ ಎಂದು ಊಟದ ಮೇಜಿನ ಸುತ್ತ ಹತ್ತಾರು ಸಲ ವಾದ ಮಾಡಿದ್ದವನು ನಾನು. ಹಾಗಿದ್ದೂ ಅದರ ಬಗ್ಗೆ ಒಂದೇ ಒಂದು ಪುಸ್ತಕವನ್ನೂ ಮೊದಲಿಂದ ಕೊನೆಯವರೆಗೆ ಓದಿರಲಿಲ್ಲ.

ನಮ್ಮವರಲ್ಲಿ ಹೆಚ್ಚಿನವರು ಹೀಗೇ ಎಂದು ನನ್ನ ಅನುಮಾನ. ಆಶ್‌ಬರ್ನ್, ಆಲ್ಫರೆಟ್ಟಾ, ಕೇರಿ, ಶಾರ್ಲಟ್, ಎಲ್ಲಿಗೆ ಹೋದರೂ ಎರಡು ಪಂಗಡ ಸಿಗುತ್ತದೆ: ಓದದೆ ನಂಬುವವರು, ಓದದೆ ನಂಬದವರು. ಕಾವೇರಿಯ ಪಿಕ್ನಿಕ್ಕಿನಲ್ಲೋ ನೃಪತುಂಗದ ಯುಗಾದಿ ಊಟದಲ್ಲೋ ಈ ಎರಡೂ ಪಂಗಡದವರು ಎದುರುಬದುರು ಕೂತರೆ ಒಬ್ಬರು ಫಾರ್ವರ್ಡ್ ಮೆಸೇಜು ತೋರಿಸುತ್ತಾರೆ, ಇನ್ನೊಬ್ಬರು ಬೇರೊಂದು ಫಾರ್ವರ್ಡ್ ಮೆಸೇಜು ತೋರಿಸುತ್ತಾರೆ. ಅಪ್ಪನ ಪ್ರಶ್ನೆಯ ನಂತರ ಎರಡು ವರ್ಷ ನಾನು ಓದಿದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಎನ್ನುವುದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ನಾನು ಹವಾಮಾನ ವಿಜ್ಞಾನಿಯಲ್ಲ. ಹಾಗಾಗಿ ನನ್ನ ಆಯ್ಕೆಗಳನ್ನು ಒಬ್ಬ ಸಾಮಾನ್ಯ ಓದುಗನ ಆಯ್ಕೆ ಎಂದೇ ತೆಗೆದುಕೊಳ್ಳಿ.

ಮೊದಲಿಗೆ, ಎಲ್ಲಿಂದ ಶುರು ಮಾಡಬಾರದು ಎಂದು ಹೇಳಿಬಿಡುತ್ತೇನೆ. 2006ರಲ್ಲಿ ಬಂದ ಆಲ್ ಗೋರ್ ಅವರ 'ಆನ್ ಇನ್‌ಕನ್ವೀನಿಯಂಟ್ ಟ್ರೂಥ್' ಸಿನಿಮಾ ಮತ್ತು ಪುಸ್ತಕದಿಂದ ಬೇಡ. ಅದು ಮಾಡಿದ ಕೆಲಸ ದೊಡ್ಡದು, ಅದರ ಮೂಲ ವಾದವೂ ಸರಿಯೇ. ಆದರೆ ಅದು ಒಬ್ಬ ರಾಜಕಾರಣಿಯ ಭಾಷಣ. 2007ರಲ್ಲಿ ಬ್ರಿಟನ್ನಿನ ಹೈಕೋರ್ಟು ಶಾಲೆಗಳಲ್ಲಿ ಅದನ್ನು ತೋರಿಸಲು ಅಡ್ಡಿಯಿಲ್ಲ ಎಂದಿತು, ಜೊತೆಗೆ ಒಂಬತ್ತು ಕಡೆ ಅತಿಶಯ ಅಥವಾ ತಪ್ಪು ಇದೆ ಎಂದೂ ಹೇಳಿತು. ನಂಬದ ಪಂಗಡದವರಿಗೆ ಆ ಒಂಬತ್ತು ಮಾತ್ರ ನೆನಪಿರುತ್ತದೆ. ಯಾರದೋ ಭಾಷಣದ ಮೇಲೆ ಕಟ್ಟಿಕೊಂಡ ನಂಬಿಕೆ ಇನ್ನೊಂದು ಭಾಷಣ ಬಂದಾಗ ಬಿದ್ದುಹೋಗುತ್ತದೆ.

ಶುರು ಮಾಡಬೇಕಾದದ್ದು ಸ್ಪೆನ್ಸರ್ ವಿಯರ್ಟ್ ಅವರ 'ದ ಡಿಸ್ಕವರಿ ಆಫ್ ಗ್ಲೋಬಲ್ ವಾರ್ಮಿಂಗ್' ಪುಸ್ತಕದಿಂದ. 2003ರಲ್ಲಿ ಬಂತು, 2008ರಲ್ಲಿ ಪರಿಷ್ಕರಣೆಯಾಯಿತು. ವಿಯರ್ಟ್ ನಮ್ಮ ಪಕ್ಕದ ಮೇರಿಲ್ಯಾಂಡಿನ ಕಾಲೇಜ್ ಪಾರ್ಕಿನಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್‌ನ ಭೌತಶಾಸ್ತ್ರ ಇತಿಹಾಸ ಕೇಂದ್ರವನ್ನು ನಡೆಸುತ್ತಿದ್ದವರು. ಪುಸ್ತಕ ತೆಳ್ಳಗಿದೆ. ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಆವೃತ್ತಿಯನ್ನು ಅವರು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. "ವಿಜ್ಞಾನಿಗಳು ಹೀಗೆ ಹೇಳುತ್ತಾರೆ, ನಂಬಿ" ಎಂದು ಅವರು ಎಲ್ಲೂ ಹೇಳುವುದಿಲ್ಲ. ಯಾರಿಗೆ ಯಾವಾಗ ಏನು ಹೊಳೆಯಿತು, ಯಾರು ಎಲ್ಲಿ ಎಡವಿದರು, ಯಾವ ಆಕ್ಷೇಪಣೆಗೆ ಎಷ್ಟು ವರ್ಷದ ನಂತರ ಉತ್ತರ ಸಿಕ್ಕಿತು ಎಂದು ಕತೆಯ ಹಾಗೆ ಹೇಳುತ್ತಾರೆ. ಇವತ್ತು ನಂಬದವರು ಎತ್ತುವ ಬಹುಪಾಲು ಪ್ರಶ್ನೆಗಳನ್ನು ನೂರು ವರ್ಷದ ಹಿಂದೆಯೇ ವಿಜ್ಞಾನಿಗಳು ತಾವೇ ಎತ್ತಿ ತಾವೇ ಜಗಳವಾಡಿದ್ದಾರೆ ಎಂದು ಗೊತ್ತಾಗುತ್ತದೆ.

ಈ ಕತೆ ನಡೆದಿರುವುದು ಎಷ್ಟೋ ಕಡೆ ನಮ್ಮ ಓಡಾಟದ ಜಾಗಗಳಲ್ಲಿ. ಊರಿಂದ ಯಾರಾದರೂ ಬಂದರೆ ನಾವು ತಪ್ಪದೆ ಸ್ಮಿತ್‌ಸೋನಿಯನ್ ಕ್ಯಾಸಲ್ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೇವಲ್ಲ, ಅಲ್ಲಿ ಒಂದು ಪ್ರತಿಮೆಯಿದೆ. ಸ್ಮಿತ್‌ಸೋನಿಯನ್‌ನ ಮೊದಲ ಕಾರ್ಯದರ್ಶಿ ಜೋಸೆಫ್ ಹೆನ್ರಿಯದು. 1856ರಲ್ಲಿ ಯೂನಿಸ್ ಫೂಟ್ ಎಂಬ ಹೆಂಗಸು ಎರಡು ಗಾಜಿನ ಕೊಳವೆ, ಒಂದು ಗಾಳಿ ಪಂಪು, ಕೆಲವು ಥರ್ಮಾಮೀಟರು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದಳು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಬಿಸಿಲಿನಲ್ಲಿ ಹೆಚ್ಚು ಬಿಸಿಯಾಯಿತು, ನೆರಳಿಗೆ ತಂದ ಮೇಲೂ ಬಹಳ ಹೊತ್ತು ಬಿಸಿಯಾಗೇ ಉಳಿಯಿತು. ವಾತಾವರಣದಲ್ಲಿ ಈ ಅನಿಲ ಹೆಚ್ಚಾದರೆ ಭೂಮಿಯ ಉಷ್ಣತೆ ಹೆಚ್ಚಬೇಕು ಎಂದು ಆಕೆ ಬರೆದಳು. ಆಲ್ಬನಿಯ ವಿಜ್ಞಾನ ಸಮಾವೇಶದಲ್ಲಿ ಆಕೆಯ ಪ್ರಬಂಧವನ್ನು ಮಂಡಿಸಿದ್ದು ಆಕೆಯಲ್ಲ, ಈ ಹೆನ್ರಿ. ಆಮೇಲೆ ಒಂದೂವರೆ ಶತಮಾನ ಆಕೆಯನ್ನು ಎಲ್ಲರೂ ಮರೆತರು. 2011ರಲ್ಲಿ ಮತ್ತೆ ಹೆಸರು ಬೆಳಕಿಗೆ ಬಂತು. ಹಾಗಾಗಿ ವಿಯರ್ಟ್ ಅವರ ಹಳೆಯ ಆವೃತ್ತಿಯಲ್ಲಿ ಆಕೆಯನ್ನು ಹುಡುಕಬೇಡಿ.

ನನಗೆ ಮೈ ಜುಮ್ಮೆಂದದ್ದು ಸ್ಯುಕುರೊ ಮನಾಬೆ ಅವರ ಭಾಗ ಓದುವಾಗ. 1958ರಲ್ಲಿ ಜಪಾನಿನಿಂದ ವಾಷಿಂಗ್ಟನ್ನಿಗೆ ಅಮೆರಿಕದ ಹವಾಮಾನ ಇಲಾಖೆಯ ಕೆಲಸಕ್ಕೆ ಬಂದ ಯುವಕ. ನಮ್ಮ ಹಾಗೇ ಕಂಪ್ಯೂಟರ್ ಪ್ರೋಗ್ರಾಮ್ ಕೆಲಸಕ್ಕೆ ಬಂದವರು ಎನ್ನಬಹುದು! ಇಡೀ ವಾತಾವರಣವನ್ನು ಒಂದೇ ಒಂದು ಗಾಳಿಯ ಕಂಬವಾಗಿ ಕಲ್ಪಿಸಿಕೊಂಡು, ಇಂಗಾಲದ ಡೈಆಕ್ಸೈಡನ್ನು ಎರಡು ಪಟ್ಟು ಮಾಡಿದರೆ ಏನಾಗುತ್ತದೆ ಎಂದು ರಿಚರ್ಡ್ ವೆದರಾಲ್ಡ್ ಜೊತೆ 1967ರಲ್ಲಿ ಲೆಕ್ಕ ಹಾಕಿದರು. ಸುಮಾರು 2.3 ಡಿಗ್ರಿ ಸೆಲ್ಸಿಯಸ್ ಏರಿಕೆ ಎಂದು ಬಂತು. ಆ ಲೆಕ್ಕದಲ್ಲಿ ಇನ್ನೊಂದು ಮಾತಿತ್ತು: ಕೆಳಗಿನ ಗಾಳಿ ಬಿಸಿಯಾಗುವಾಗ ಮೇಲಿನ ಸ್ತರಗೋಳ ತಣ್ಣಗಾಗುತ್ತದೆ. ಬಿಸಿಯಾಗುವುದಕ್ಕೆ ಸೂರ್ಯನೇ ಕಾರಣವಾಗಿದ್ದರೆ ಮೇಲೂ ಕೆಳಗೂ ಎರಡೂ ಬಿಸಿಯಾಗಬೇಕಿತ್ತು. ಮುಂದೆ ಬಲೂನು, ಉಪಗ್ರಹಗಳಿಂದ ಅಳೆದಾಗ ಮೇಲೆ ತಣ್ಣಗಾಗಿರುವುದು ಕಂಡಿತು. ಅಳತೆ ಕೈಗೆ ಬರುವ ಮೊದಲೇ ಬರೆದಿಟ್ಟ ಫಲಿತಾಂಶ ಸರಿಯಾಗುವುದು ಎಂದರೆ ಏನೆಂದು ಪ್ರೋಗ್ರಾಮ್ ಬರೆಯುವವರಿಗೆ ನಾನು ವಿವರಿಸಬೇಕಿಲ್ಲ. 2021ರಲ್ಲಿ, ತಮ್ಮ ತೊಂಬತ್ತನೇ ವಯಸ್ಸಿನಲ್ಲಿ, ಮನಾಬೆ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು.

ಪುಸ್ತಕ ಓದಲು ಪುರುಸೊತ್ತಿಲ್ಲ ಎನ್ನುವವರಿಗೆ 1979ರ ಚಾರ್ನಿ ವರದಿ. ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ಮಾಡಿಸಿದ್ದು. ಇಪ್ಪತ್ತು ಇಪ್ಪತ್ತೈದು ಪುಟ, ಒಂದು ಮೆಟ್ರೋ ಪ್ರಯಾಣದಲ್ಲಿ ಓದಿ ಮುಗಿಸಬಹುದು. ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಉಷ್ಣತೆ ಸುಮಾರು 3 ಡಿಗ್ರಿ ಏರುತ್ತದೆ, ಒಂದೂವರೆ ಡಿಗ್ರಿ ಆ ಕಡೆ ಈ ಕಡೆ ಆಗಬಹುದು ಎಂದು ಅದರ ತೀರ್ಮಾನ. 2021ರ ಐಪಿಸಿಸಿ ವರದಿಯ ಅಂದಾಜು? 3 ಡಿಗ್ರಿ. ನಡುವೆ ನಲವತ್ತೆರಡು ವರ್ಷ. ಕಂಪ್ಯೂಟರುಗಳು ಎಷ್ಟು ಬದಲಾದವು ಲೆಕ್ಕ ಹಾಕಿ, ಉತ್ತರ ಅಲ್ಲೇ ನಿಂತಿದೆ. ಬದಲಾದದ್ದು ಗಾಳಿ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ ಹತ್ತು ಲಕ್ಷಕ್ಕೆ 315 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ 2024ರ ಸರಾಸರಿಯಲ್ಲಿ 424 ದಾಟಿತು.

ಇಷ್ಟೆಲ್ಲ ಓದಿದ ಮೇಲೂ ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಅಮೆರಿಕದ ಪುಸ್ತಕಗಳಲ್ಲಿ ಮುಂಗಾರು ಎನ್ನುವುದು ಎಲ್ಲೋ ಒಂದು ಪ್ಯಾರಾ. ಉತ್ತರ ಸಿಕ್ಕಿದ್ದು ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ 'ಅಸೆಸ್‌ಮೆಂಟ್ ಆಫ್ ಕ್ಲೈಮೇಟ್ ಚೇಂಜ್ ಓವರ್ ದ ಇಂಡಿಯನ್ ರೀಜನ್' ಎಂಬ ವರದಿಯಲ್ಲಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸಿದ್ಧಪಡಿಸಿದ್ದು, ಉಚಿತವಾಗಿ ಸಿಗುತ್ತದೆ. ನಮ್ಮವರೇ ನಮ್ಮ ದೇಶದ ಬಗ್ಗೆ ಬರೆದ ಇಷ್ಟು ಒಳ್ಳೆಯ ವರದಿಯ ಹೆಸರನ್ನು ನಾನು ಆವರೆಗೆ ಕೇಳಿಯೇ ಇರಲಿಲ್ಲ. ನನಗೆ ಗೊತ್ತಿರುವ ನಮ್ಮವರಲ್ಲಿ ಯಾರೂ ಕೇಳಿರಲಿಲ್ಲ.

ಅದರಲ್ಲಿರುವುದು ಹೀಗೆ. 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ನಡುವೆ ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ ನೀರು ಸುಮಾರು 1 ಡಿಗ್ರಿ ಬಿಸಿಯಾಗಿದೆ. ಅದೇ ಅವಧಿಯಲ್ಲಿ ದೇಶದ ಮುಂಗಾರು ಮಳೆ ಹೆಚ್ಚುವ ಬದಲು ಸುಮಾರು ಶೇಕಡಾ 6 ಕಡಿಮೆಯಾಗಿದೆ, ಮುಖ್ಯವಾಗಿ ಗಂಗಾ ಬಯಲು ಮತ್ತು ಪಶ್ಚಿಮಘಟ್ಟದಲ್ಲಿ. ಅಂದರೆ ಅಪ್ಪನ ತರ್ಕ ಸರಿಯಾಗೇ ಇತ್ತು. ಪ್ರತಿ ಒಂದು ಡಿಗ್ರಿ ಬಿಸಿಗೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಹಾಗಾದರೆ ಕಡಿಮೆಯಾಗಿದ್ದು ಯಾಕೆ? ಒಂದು ದೊಡ್ಡ ಕಾರಣ ನಮ್ಮದೇ ಹೊಗೆ. ಮುಂಗಾರು ನಡೆಯುವುದು ನೆಲ ಕಾದು ಸಮುದ್ರ ತಂಪಾಗಿರುವ ವ್ಯತ್ಯಾಸದ ಮೇಲೆ. ಉತ್ತರ ಭಾರತದ ಮೇಲೆ ಕವಿದ ಕಾರ್ಖಾನೆ, ವಾಹನ, ಒಲೆಗಳ ಸೂಕ್ಷ್ಮ ಕಣಗಳು ಬಿಸಿಲನ್ನು ತಡೆದು ನೆಲ ಕಾಯದ ಹಾಗೆ ಮಾಡಿದವು. ಇತ್ತ ಸಮುದ್ರ ಬಿಸಿಯಾಯಿತು. ವ್ಯತ್ಯಾಸ ಕಡಿಮೆಯಾಯಿತು. ಇನ್ನೊಂದು, ಗಾಳಿ ಹೆಚ್ಚು ನೀರು ಹಿಡಿದಿಟ್ಟುಕೊಂಡು ಒಮ್ಮೆಗೇ ಸುರಿದರೆ ಸುರಿಯುವ ದಿನ ಪ್ರವಾಹ, ನಡುವಿನ ದಿನಗಳು ಒಣ ಒಣ. ಲೆಕ್ಕದಲ್ಲಿ ಮಳೆ ಬಂದಿರುತ್ತದೆ, ಶೇಂಗಾಕ್ಕೆ ಬಂದಿರುವುದಿಲ್ಲ. ಇವುಗಳ ಮೇಲೆ 2023ರಲ್ಲಿ ಎಲ್ ನಿನೊ ಬೇರೆ ಇತ್ತು.

ಇದನ್ನು ಅಪ್ಪನಿಗೆ ಹೇಳಿದೆ. ಈ ಸಲ ಕನ್ನಡದಲ್ಲೇ ಹೇಳಿದೆ. ಹೊಗೆಯ ವಿಷಯ ತಕ್ಷಣ ಅರ್ಥವಾಯಿತು. "ಮೋಡ ಮುಚ್ಚಿಕೊಂಡ ದಿನ ನೆಲ ಕಾಯಲ್ಲ, ಅಷ್ಟೇ ತಾನೇ" ಅಂದರು. ಆಮೇಲೆ "ಇದರಲ್ಲಿ ನಮ್ಮ ತಾಲೂಕಿನ ಲೆಕ್ಕ ಎಲ್ಲಿದೆ?" ಎಂದು ಕೇಳಿದರು. ಇಡೀ ದೇಶದ ವರದಿಯಿಂದ ಒಂದು ತಾಲೂಕಿನ ಒಂದು ವರ್ಷದ ಬರವನ್ನು ವಿವರಿಸಲು ಆಗುವುದಿಲ್ಲ ಎಂದು ಒಪ್ಪಿಕೊಂಡೆ. ಇದಕ್ಕೆ ಹತ್ತಿರದ ಕೆಲಸ ಮಾಡಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್. ಮುಂಗಾರಿನ ಬಗ್ಗೆ ದೊಡ್ಡ ವಿದ್ವಾಂಸರು, 2025ರಲ್ಲಿ ತೀರಿಕೊಂಡರು. ನಮ್ಮ ಪಾವಗಡ-ಅನಂತಪುರ ಸೀಮೆಯ ಶೇಂಗಾ ರೈತರು ಯಾವಾಗ ಬಿತ್ತಿದರೆ ಒಳ್ಳೆಯದು ಎನ್ನುವುದನ್ನು ರೈತರ ಜೊತೆ ಕೂತು, ಹಳೆಯ ಮಳೆ ದಾಖಲೆ ಇಟ್ಟುಕೊಂಡು ಲೆಕ್ಕ ಹಾಕಿದವರು. ಆ ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿವೆ. ಯಾರ ಹೊಲದ ಬಗ್ಗೆ ಬರೆದರೋ ಅವರು ಓದುವಂತಿಲ್ಲ. ಇದಕ್ಕೆ ಗಾಡ್ಗೀಳರನ್ನು ದೂರುತ್ತಿಲ್ಲ. ಅವರು ಅವರ ಕೆಲಸ ಮಾಡಿದರು, ಉಳಿದದ್ದು ಬೇರೆ ಯಾರಾದರೂ ಮಾಡಬೇಕಿತ್ತು.

ಈಗ ನಂಬದ ಪಂಗಡದ ವಿಷಯ. 2004ರಲ್ಲಿ ಬಂದ ಮೈಕೆಲ್ ಕ್ರೈಟನ್ನನ 'ಸ್ಟೇಟ್ ಆಫ್ ಫಿಯರ್' ಕಾದಂಬರಿಯನ್ನು ಏರ್‌ಪೋರ್ಟಿನಲ್ಲಿ ಕೊಂಡು ಓದಿ "ಇದೆಲ್ಲ ಸುಳ್ಳಂತೆ" ಎಂದು ಇವತ್ತಿಗೂ ಹೇಳುವವರು ನನ್ನ ಪರಿಚಯದಲ್ಲೇ ಇದ್ದಾರೆ. ಅಡಿಟಿಪ್ಪಣಿಗಳಿರುವ ಥ್ರಿಲ್ಲರ್ ಅದು. ಇಂಜಿನಿಯರುಗಳಿಗೆ ಅಡಿಟಿಪ್ಪಣಿ ಕಂಡರೆ ಭಕ್ತಿ. 2005ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಈ ಕಾದಂಬರಿಕಾರನನ್ನು ಕರೆಸಿ ಹವಾಮಾನ ವಿಜ್ಞಾನದ ಬಗ್ಗೆ ಸಾಕ್ಷ್ಯ ಕೇಳಿತು! ಅಂಥವರಿಗೆ ನಾನು ಕೈಗೆ ಕೊಡುವುದು ನವೋಮಿ ಒರೆಸ್ಕಿಸ್ ಮತ್ತು ಎರಿಕ್ ಕಾನ್ವೇ ಬರೆದ 'ಮರ್ಚೆಂಟ್ಸ್ ಆಫ್ ಡೌಟ್', 2010ರ ಪುಸ್ತಕ. ಸಂಶಯ ಎನ್ನುವುದನ್ನು ಹೇಗೆ ಸರಕಿನಂತೆ ತಯಾರಿಸಿ ಮಾರಬಹುದು ಎಂದು ದಾಖಲೆ ಸಮೇತ ತೋರಿಸುತ್ತದೆ. ಅದರ ಮುಖ್ಯ ಪಾತ್ರಗಳಲ್ಲೊಬ್ಬರು ಫ್ರೆಡರಿಕ್ ಸೈಟ್ಸ್, ಒಂದು ಕಾಲಕ್ಕೆ ಇದೇ ನ್ಯಾಷನಲ್ ಅಕಾಡೆಮಿಯ ಅಧ್ಯಕ್ಷರಾಗಿದ್ದ ದೊಡ್ಡ ಭೌತವಿಜ್ಞಾನಿ. 1979ರಿಂದ ಅವರು ನಾರ್ತ್ ಕೆರೊಲಿನಾದ ವಿನ್ಸ್‌ಟನ್-ಸೇಲಂನ ಆರ್.ಜೆ. ರೆನಾಲ್ಡ್ಸ್ ಸಿಗರೇಟು ಕಂಪನಿಯ ಸಂಶೋಧನಾ ಧನಸಹಾಯದ ಸಲಹೆಗಾರರಾಗಿದ್ದರು. ಆಮೇಲೆ ವಾಷಿಂಗ್ಟನ್ನಿನ ಜಾರ್ಜ್ ಮಾರ್ಷಲ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ಮೂಲಕ ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ಸಂಶಯ ಎತ್ತಿದರು. ತಂಬಾಕಿನ ವಿಷಯದಲ್ಲಿ ಕಲಿತ ವರಸೆಯೇ ಇಲ್ಲೂ ನಡೆಯಿತು: ಸುಳ್ಳು ಎಂದು ಸಾಧಿಸಬೇಕಿಲ್ಲ, "ಇನ್ನೂ ಖಚಿತವಾಗಿಲ್ಲ" ಎಂದು ಹೇಳುತ್ತಾ ಇದ್ದರೆ ಸಾಕು. (ಹುಣಸೂರು, ಪಿರಿಯಾಪಟ್ಟಣದ ಕಡೆಯ ಓದುಗರಿಗೆ ತಂಬಾಕಿನ ರಾಜಕಾರಣ ಹೊಸದಲ್ಲ. ಎಲೆ ಬೇಯಿಸುವ ಬ್ಯಾರನ್ನುಗಳಿಗೆ ಎಷ್ಟು ಮರ ಹೋಯಿತು ಎನ್ನುವುದೂ ಗೊತ್ತು.)

ಇದೇ ನಾರ್ತ್ ಕೆರೊಲಿನಾದಲ್ಲಿ 2010ರಲ್ಲಿ ಕರಾವಳಿ ಆಯೋಗದ ವಿಜ್ಞಾನಿಗಳು 2100ರ ಹೊತ್ತಿಗೆ ಸಮುದ್ರ ಒಂದು ಮೀಟರಿನಷ್ಟು ಏರಬಹುದು, ಅದಕ್ಕೆ ತಕ್ಕಂತೆ ಯೋಜನೆ ಮಾಡಿ ಎಂದರು. ರಿಯಲ್ ಎಸ್ಟೇಟಿನವರಿಗೆ ಸಿಟ್ಟು ಬಂತು. 2012ರಲ್ಲಿ ಶಾಸನಸಭೆ ಕಾನೂನು ಮಾಡಿ, 2016ರವರೆಗೆ ಸರ್ಕಾರಿ ಸಂಸ್ಥೆಗಳು ಆ ಬಗೆಯ ಅಂದಾಜಿನ ಮೇಲೆ ನಿಯಮ ರೂಪಿಸದಂತೆ ತಡೆಯಿತು. ಸಮುದ್ರಕ್ಕೆ ಕಾನೂನು ಓದಿ ಹೇಳುವವರು ಯಾರು? ಔಟರ್ ಬ್ಯಾಂಕ್ಸ್‌ನ ರೊಡಾಂತೆ ಊರಿನಲ್ಲಿ 2020ರಿಂದೀಚೆಗೆ ಹತ್ತಕ್ಕೂ ಹೆಚ್ಚು ಮನೆಗಳು ಅಲೆಗೆ ಕುಸಿದು ಹೋಗಿವೆ. ರಾಲಿಯ ಗೆಳೆಯರು ಬೇಸಿಗೆಯಲ್ಲಿ ಬೀಚಿಗೆ ಹೋಗುವುದು ಅಲ್ಲಿಗೇ. ಸೌತ್ ಕೆರೊಲಿನಾದವರು ಸೂಸನ್ ಕ್ರಾಫರ್ಡ್ 2023ರಲ್ಲಿ ಬರೆದ 'ಚಾರ್ಲ್‌ಸ್ಟನ್' ಓದಲಿ. ಮಳೆಯಿಲ್ಲದ ದಿನವೂ ರಸ್ತೆಗೆ ಉಪ್ಪುನೀರು ಬರುವ ಊರಿನಲ್ಲಿ ಯಾರ ಮನೆ ಉಳಿಯುತ್ತದೆ, ಯಾರ ಮನೆ ಮುಳುಗುತ್ತದೆ ಎನ್ನುವುದು ಚರ್ಮದ ಬಣ್ಣ ಮತ್ತು ದುಡ್ಡಿನ ಮೇಲೆ ಹೇಗೆ ನಿಂತಿದೆ ಎಂದು ಅದರಲ್ಲಿದೆ. ಡಿಸಿ ಕಡೆಯವರಿಗೆ ಟಕೋಮಾ ಪಾರ್ಕಿನ ಮೈಕ್ ಟಿಡ್‌ವೆಲ್ 2025ರಲ್ಲಿ ಬರೆದ 'ದ ಲಾಸ್ಟ್ ಟ್ರೀಸ್ ಆಫ್ ವಿಲೋ ಅವೆನ್ಯೂ' ಇದೆ. 2018ರಲ್ಲಿ ವಾಷಿಂಗ್ಟನ್ನಿನಲ್ಲಿ ದಾಖಲೆಯ ಮಳೆ ಬಂತು, 66 ಇಂಚು. ಅದರ ನಂತರ ತನ್ನ ಒಂದೇ ಬೀದಿಯ ಹಳೆಯ ಓಕ್ ಮರಗಳು ಒಂದೊಂದಾಗಿ ಸತ್ತದ್ದರ ಕತೆ. ಇಡೀ ಪ್ರಪಂಚದ ಬಗ್ಗೆ ಬರೆದ ದಪ್ಪ ಪುಸ್ತಕಗಳಿಗಿಂತ ಇಂಥ ಒಂದು ಬೀದಿಯ ಪುಸ್ತಕ ನನಗೆ ಹೆಚ್ಚು ಹಿಡಿಸಿತು.

ಆಶ್‌ವಿಲ್ ಬಗ್ಗೆ ಇನ್ನೂ ಒಳ್ಳೆಯ ಪುಸ್ತಕ ನಾನು ಓದಿಲ್ಲ. ಆದರೆ ಆ ಕತೆ ಹೇಳದೆ ಮುಂದೆ ಹೋಗಲಾರೆ. ಗುಡ್ಡದ ಮೇಲಿನ ತಂಪು ಊರು, ಸಮುದ್ರದಿಂದ ನೂರಾರು ಮೈಲಿ ದೂರ. ಹವಾಮಾನ ವೈಪರೀತ್ಯದಿಂದ ಬಚಾವಾಗಲು ಅಲ್ಲಿ ಮನೆ ಕೊಳ್ಳಿ ಎಂದು ಎಷ್ಟೋ ಜನ ಹೇಳುತ್ತಿದ್ದರು. 2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತದ ಮಳೆ ಅಲ್ಲಿ ಸುರಿಯಿತು. ನಾರ್ತ್ ಕೆರೊಲಿನಾದಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಊರಿನ ನಲ್ಲಿಯಲ್ಲಿ ಕುಡಿಯುವ ನೀರು ಬರಲು 53 ದಿನ ಹಿಡಿಯಿತು. ಅಮೆರಿಕದ ಹವಾಮಾನ ದಾಖಲೆಗಳನ್ನೆಲ್ಲ ಕಾಪಾಡುವ ರಾಷ್ಟ್ರೀಯ ಕೇಂದ್ರ ಇರುವುದೂ ಇದೇ ಆಶ್‌ವಿಲ್‌ನಲ್ಲಿ. ದಾಖಲೆಗಳು ಸುರಕ್ಷಿತವಾಗಿದ್ದವು, ಆದರೆ ನೀರು, ನೆಟ್‌ವರ್ಕ್ ಇಲ್ಲದೆ ಕೇಂದ್ರದ ಕಂಪ್ಯೂಟರುಗಳು ಸ್ತಬ್ಧವಾದವು. ಅದಕ್ಕೆ ಎರಡು ತಿಂಗಳ ಮೊದಲು, ಜುಲೈ 30ರಂದು, ನಮ್ಮ ಗಡಿಯಾಚೆಯ ವಯನಾಡಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋಗಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡ ಎರಡೂ ಕಡೆಯ ಮಳೆಯನ್ನು ಅಧ್ಯಯನ ಮಾಡಿತು. ಭೂಮಿ ಬಿಸಿಯಾಗದಿದ್ದರೆ ಬರುತ್ತಿದ್ದ ಮಳೆಗಿಂತ ಸುಮಾರು ಶೇಕಡಾ 10 ಹೆಚ್ಚು ಎಂದು ಎರಡಕ್ಕೂ ಅಂದಾಜು ಬಂತು. ಬೆಟ್ಟದ ಇಳಿಜಾರಿನಲ್ಲಿ ಮನೆ ಕಟ್ಟಿದ್ದು, ಕಾಡು ಕಡಿದದ್ದು, ಎಚ್ಚರಿಕೆ ಸಿಗದಿದ್ದದ್ದು ಬೇರೆ. ಆ ತಂಡದ ವರದಿಗಳು ಚಿಕ್ಕವು, ಅವುಗಳನ್ನೂ ಓದಿ. ಎಷ್ಟು ಗೊತ್ತು ಎಷ್ಟು ಅನುಮಾನ ಎನ್ನುವುದನ್ನು ಬಿಡಿಸಿ ಬರೆಯುತ್ತಾರೆ. ಪತ್ರಿಕೆಯವರು ಅದನ್ನು ಬಿಟ್ಟು ಉಳಿದದ್ದನ್ನು ಹಾಕುತ್ತಾರೆ.

ಇನ್ನೊಂದು ಎಚ್ಚರಿಕೆ. ಓದಬೇಕಾದದ್ದನ್ನು ಈಗಲೇ ಇಳಿಸಿಟ್ಟುಕೊಳ್ಳಿ. ಆಶ್‌ವಿಲ್ ಕೇಂದ್ರ 1980ರಿಂದ ಲೆಕ್ಕವಿಡುತ್ತಿದ್ದ ನೂರು ಕೋಟಿ ಡಾಲರಿಗೂ ಮೀರಿದ ನಷ್ಟದ ವಿಕೋಪಗಳ ಪಟ್ಟಿಯನ್ನು 2025ರ ಮೇ ತಿಂಗಳಲ್ಲಿ ನಿಲ್ಲಿಸಿದರು. ಆಮೇಲೆ ಕ್ಲೈಮೇಟ್ ಸೆಂಟ್ರಲ್ ಎಂಬ ಖಾಸಗಿ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. 2023ರ ಐದನೇ ರಾಷ್ಟ್ರೀಯ ಹವಾಮಾನ ವರದಿಯಿದ್ದ ಸರ್ಕಾರಿ ತಾಣವನ್ನು 2025ರ ಬೇಸಿಗೆಯಲ್ಲಿ ಮುಚ್ಚಿದರು. ಜಾರ್ಜಿಯಾ, ಕೆರೊಲಿನಾಗಳಿಗೆ ಸಂಬಂಧಿಸಿದ ಆಗ್ನೇಯ ರಾಜ್ಯಗಳ ಅಧ್ಯಾಯ ಅದರಲ್ಲೇ ಇದೆ. ಪ್ರತಿಗಳು ಬೇರೆ ಕಡೆ ಉಳಿದುಕೊಂಡಿವೆ. ಓದುವ ವಸ್ತುವೇ ಮಾಯವಾಗಬಹುದು ಎನ್ನುವುದನ್ನು ನಾನಂತೂ ಈ ದೇಶದಲ್ಲಿ ನಿರೀಕ್ಷಿಸಿರಲಿಲ್ಲ.

"ಸರಿ, ಈಗೇನು ಮಾಡೋಣ?" ಎಂದು ಕೇಳುವವರಿಗೆ ಡೇವಿಡ್ ಮೆಕೇ. ಕೇಂಬ್ರಿಜ್‌ನ ಪ್ರಾಧ್ಯಾಪಕ, ಮಾಹಿತಿ ಸಿದ್ಧಾಂತದ ಪಠ್ಯಪುಸ್ತಕ ಬರೆದವರು, ನಮ್ಮಲ್ಲಿ ಕೆಲವರಿಗೆ ಆ ಹೆಸರು ಗೊತ್ತಿರಬೇಕು. 2008ರಲ್ಲಿ ಅವರು ಬರೆದ 'ಸಸ್ಟೇನಬಲ್ ಎನರ್ಜಿ ವಿಥೌಟ್ ದ ಹಾಟ್ ಏರ್' ಪುಸ್ತಕವನ್ನು ಉಚಿತವಾಗಿ ಹಂಚಿದರು. 2016ರಲ್ಲಿ, ಇನ್ನೂ ನಲವತ್ತೆಂಟರಲ್ಲಿ, ತೀರಿಕೊಂಡರು. ಅವರು ಎಲ್ಲವನ್ನೂ ಒಂದೇ ಅಳತೆಗೆ ಇಳಿಸುತ್ತಾರೆ: ಒಬ್ಬರಿಗೆ ದಿನಕ್ಕೆ ಎಷ್ಟು ಕಿಲೋವ್ಯಾಟ್-ಅವರ್. ನಮ್ಮೂರ ಭಾಷೆಯಲ್ಲಿ ಎಷ್ಟು ಯುನಿಟ್. ವರ್ಷಕ್ಕೊಮ್ಮೆ ಖಂಡಾಂತರ ವಿಮಾನದಲ್ಲಿ ಹೋಗಿ ಬಂದರೆ ಒಬ್ಬರಿಗೆ ದಿನಕ್ಕೆ ಸುಮಾರು 30 ಯುನಿಟ್ಟಿನಷ್ಟು ಇಂಧನ ಎಂದು ಅವರ ಲೆಕ್ಕ. ನಾಲ್ಕು ಜನರ ನನ್ನಂಥ ಸಂಸಾರ ವರ್ಷಕ್ಕೊಂದು ಸಲ ಬೆಂಗಳೂರಿಗೆ ಹೋಗಿ ಬಂದರೆ ದಿನಕ್ಕೆ 120, ತಿಂಗಳಿಗೆ 3,600. ಕರ್ನಾಟಕದಲ್ಲಿ 2023ರಲ್ಲಿ ಶುರುವಾದ ಗೃಹಜ್ಯೋತಿಯ ಮಿತಿ ಮನೆಗೆ ತಿಂಗಳಿಗೆ 200 ಯುನಿಟ್. ಹದಿನೆಂಟು ಮನೆ! ವಿಮಾನದ ಇಂಧನವೂ ಕರೆಂಟೂ ಒಂದೇ ಅಲ್ಲ, ಹೊಸ ವಿಮಾನಗಳು ಸ್ವಲ್ಪ ಕಡಿಮೆ ಕುಡಿಯುತ್ತವೆ, ಎಲ್ಲ ಒಪ್ಪಿದೆ. ಆದರೂ ಹಳ್ಳಿಯವರಿಗೆ ಪ್ಲಾಸ್ಟಿಕ್ ಚೀಲ ಬಿಡಿ ಎಂದು ಉಪದೇಶ ಮಾಡುವ ಮೊದಲು ಈ ಲೆಕ್ಕ ನೆನಪಿರಲಿ. ಹಾಗಂತ ಅಪ್ಪ ಅಮ್ಮನನ್ನು ನೋಡಲು ಹೋಗುವುದನ್ನು ನಾನು ಬಿಟ್ಟಿಲ್ಲ. ನಮ್ಮ ಹೊಟ್ಟೆಪಾಡೂ ಅಷ್ಟೇ: ಆಶ್‌ಬರ್ನ್ ಸುತ್ತಲಿನ ಡೇಟಾ ಸೆಂಟರುಗಳೂ ಸೇರಿ, 2023ರಲ್ಲಿ ವರ್ಜೀನಿಯಾದ ಕರೆಂಟಿನ ಸುಮಾರು ಕಾಲು ಭಾಗ ಡೇಟಾ ಸೆಂಟರುಗಳಿಗೆ ಹೋಯಿತು.

ಮೆಕೇ ಓದಿದ ಮೇಲೆ ನನಗೆ ಕೈಗಾ ಬಗ್ಗೆ ತಳಮಳ ಶುರುವಾಯಿತು. ಶಿವರಾಮ ಕಾರಂತರು 1989ರಲ್ಲಿ ಪರಿಸರದ ಹೆಸರಿನಲ್ಲಿ ಲೋಕಸಭೆಗೆ ನಿಂತದ್ದು, ಕೈಗಾ ವಿರುದ್ಧ ಹೋರಾಡಿದ್ದು ನಮ್ಮ ಮನೆಯಲ್ಲಿ ಅಭಿಮಾನದ ವಿಷಯ. ಈಗ ನೋಡಿದರೆ ಕೈಗಾದ 880 ಮೆಗಾವ್ಯಾಟ್ ಹೆಚ್ಚುಕಡಿಮೆ ಇಂಗಾಲವಿಲ್ಲದ ಕರೆಂಟು. ಅಲ್ಲಿನ ಮೊದಲ ಘಟಕ 2018ರ ಕೊನೆಯವರೆಗೆ ಸತತ 962 ದಿನ ನಿಲ್ಲದೆ ಓಡಿತು. ಅದು ಇಲ್ಲದಿದ್ದರೆ ಆ ಕರೆಂಟು ರಾಯಚೂರಿನ ಕಲ್ಲಿದ್ದಲಿನಿಂದ ಬರಬೇಕಿತ್ತು. ಕಾರಂತರು ಕೇಳಿದ ಪ್ರಶ್ನೆಗಳು, ಕಾಡು, ಸ್ಥಳಾಂತರ, ತ್ಯಾಜ್ಯ, ಇವತ್ತಿಗೂ ಸರಿಯಾದ ಪ್ರಶ್ನೆಗಳೇ. ಆದರೂ ಕೈಗಾವನ್ನು ನಾನು ಲಾಭದ ಕಡೆಯೇ ಬರೆದುಕೊಳ್ಳುತ್ತೇನೆ. ಜಾರ್ಜಿಯಾದವರು ವೋಗಲ್‌ನಲ್ಲಿ ಎರಡು ಹೊಸ ಘಟಕಗಳನ್ನು 2023 ಮತ್ತು 2024ರಲ್ಲಿ ಮುಗಿಸುವಷ್ಟರಲ್ಲಿ ಖರ್ಚು 30 ಶತಕೋಟಿ ಡಾಲರ್ ದಾಟಿತು. ಸೌತ್ ಕೆರೊಲಿನಾದವರು ಸುಮಾರು 9 ಶತಕೋಟಿ ಸುರಿದು 2017ರಲ್ಲಿ ಅರ್ಧಕ್ಕೆ ಬಿಟ್ಟರು. ಹಾಗಾಗಿ ಹೊಸದಾಗಿ ಕಟ್ಟಿ ಎಂದು ಹೇಳಲು ಧೈರ್ಯ ಸಾಲದು. ಇತ್ತ ನಮ್ಮ ತಾಲೂಕಿನಲ್ಲೇ, ತಿರುಮಣಿ ಸುತ್ತಲಿನ ಐದು ಹಳ್ಳಿಗಳ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ನಿಂತಿದೆ. ಜಮೀನು ಮಾರಿಸದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಎಂದು ಶುರು ಮಾಡಿದರು. ಜಮೀನಿದ್ದವರು ಬರದಿಂದ ಬಚಾವಾದರು, ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯಲ್ಲಿ ಪಾಲಿಲ್ಲ. ಮೆಕೇ ಪುಸ್ತಕದಲ್ಲಿ ಈ ಲೆಕ್ಕಕ್ಕೆ ಅಂಕಣವಿಲ್ಲ.

ಸಾಹಿತ್ಯ ಓದುವವರಿಗೆ ಅಮಿತಾವ್ ಘೋಷ್ ಅವರ 2016ರ 'ದ ಗ್ರೇಟ್ ಡಿರೇಂಜ್‌ಮೆಂಟ್'. ಗಂಭೀರ ಕಾದಂಬರಿಕಾರರು ಇಷ್ಟು ದೊಡ್ಡ ವಿಷಯವನ್ನು ಯಾಕೆ ಮುಟ್ಟುವುದಿಲ್ಲ ಎಂದು ಕೇಳುತ್ತಾರೆ. ಪ್ರಶ್ನೆ ಚೆನ್ನಾಗಿದೆ, ಪುಸ್ತಕದ ಕೊನೆಯ ಭಾಗ ಸ್ವಲ್ಪ ಜಾಳು. ಕಿಮ್ ಸ್ಟ್ಯಾನ್ಲಿ ರಾಬಿನ್‌ಸನ್ನರ 2020ರ 'ದ ಮಿನಿಸ್ಟ್ರಿ ಫಾರ್ ದ ಫ್ಯೂಚರ್' ಉತ್ತರ ಪ್ರದೇಶದ ಬಿಸಿಗಾಳಿಯಿಂದ ಶುರುವಾಗುತ್ತದೆ. ಮೊದಲ ಅಧ್ಯಾಯವನ್ನು ರಾತ್ರಿ ಮಲಗುವ ಮುಂಚೆ ಓದಬೇಡಿ.

ಕನ್ನಡದಲ್ಲಿ ಏನಿದೆ? ನಾಗೇಶ ಹೆಗಡೆ ಇದ್ದಾರೆ. 'ಇರುವುದೊಂದೇ ಭೂಮಿ'ಯನ್ನು ನಾನು ಪಿಯುಸಿಯಲ್ಲಿ ಓದಿದ್ದೆ. ಪ್ರಜಾವಾಣಿಯಲ್ಲಿ ಅವರು ಬರೆದ ಅಂಕಣಗಳಷ್ಟು ಸಲೀಸಾಗಿ ಇಂಗ್ಲಿಷಿನಲ್ಲಿ ಬರೆಯುವವರು ಕೂಡ ಕಡಿಮೆ. ತೇಜಸ್ವಿಯವರ 'ಪರಿಸರದ ಕತೆ' ಇದೆ, ಅದು ವಿಜ್ಞಾನ ಕಲಿಸುವುದಕ್ಕಿಂತ ನೋಡುವುದನ್ನು ಕಲಿಸುತ್ತದೆ. ಅಷ್ಟು ಬಿಟ್ಟರೆ, ಮುಂಗಾರು ಹೇಗೆ ಬದಲಾಗುತ್ತಿದೆ ಎಂದು ಅಂಕಿ ಅಂಶ ಸಮೇತ ಒಬ್ಬ ರೈತನಿಗೆ ಕೊಡಬಹುದಾದ ಪುಸ್ತಕ ಹುಡುಕಿದೆ, ಕೈಗೆ ಸಿಗಲಿಲ್ಲ. ಪ್ರತಿ ವರ್ಷ ನಮ್ಮ ಕೂಟಗಳು ಸಿನಿಮಾದವರನ್ನು ಕರೆಸಲು ಎಷ್ಟು ಖರ್ಚು ಮಾಡುತ್ತವೆ ಎಂದು ನಿಮಗೇ ಗೊತ್ತು. ಕರೆಸಲಿ, ನಾನೂ ಹೋಗಿ ಶಿಳ್ಳೆ ಹೊಡೆದಿದ್ದೇನೆ. ಅದರಲ್ಲಿ ಒಂದು ವಿಮಾನ ಟಿಕೆಟ್ಟಿನ ದುಡ್ಡು ಉಳಿಸಿದರೆ ಒಂದು ಪುಸ್ತಿಕೆ ಅಚ್ಚಾಗುತ್ತದೆ.

2020ರ ಆ ವರದಿಯ ಮಳೆಯ ಅಧ್ಯಾಯವನ್ನು ಕನ್ನಡದಲ್ಲಿ ನಲವತ್ತು ಪುಟಕ್ಕೆ ಇಳಿಸುವ ಕೆಲಸವನ್ನು ನಾವು ಮೂವರು ಶುರು ಮಾಡಿದ್ದೇವೆ. ಒಬ್ಬರು ಅಟ್ಲಾಂಟಾದಲ್ಲಿ, ಒಬ್ಬರು ರಾಲಿಯಲ್ಲಿ, ನಾನು ಇಲ್ಲಿ. ಇದುವರೆಗೆ ಹನ್ನೊಂದು ಪುಟ ಆಗಿದೆ. ಏರೋಸಾಲ್‌ಗೆ 'ತೂಗುಕಣ' ಎನ್ನೋಣವೇ 'ಹೊಗೆದೂಳು' ಎನ್ನೋಣವೇ ಎಂದು ಎರಡು ವಾರದಿಂದ ಜಗಳ ನಡೆದಿದೆ. ಕೃಷಿ ವಿಶ್ವವಿದ್ಯಾಲಯದಲ್ಲಿ ಹವಾಮಾನ ಓದಿದ, ಕನ್ನಡದಲ್ಲಿ ಪಾಠ ಮಾಡಿ ಅಭ್ಯಾಸವಿರುವ ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕರಡಿನ ಮೊದಲ ಆರು ಪುಟವನ್ನು ಅಪ್ಪನಿಗೆ ಕಳಿಸಿದ್ದೆ. ಮೂರನೇ ಪುಟದ ನಕ್ಷೆಯಲ್ಲಿ ಪಾವಗಡವನ್ನು ತಪ್ಪು ಜಾಗದಲ್ಲಿ ಗುರುತು ಮಾಡಿದ್ದೀರಿ ಎಂದು ಫೋನ್ ಮಾಡಿ ಹೇಳಿದರು. ಅದನ್ನು ಸರಿಪಡಿಸಿದ್ದೇವೆ.